ಎಡಗೈಗೆ ಗ್ರಿಪ್ ನಾನೇ ಕೆತ್ತಿಕೊಂಡೆ

ಮನೆಯಲ್ಲಿ ಕೆತ್ತಿದ ಗ್ರಿಪ್ (ಪಿಸ್ಟಲಿನ ಹಿಡಿ) ಹಾಕಿಕೊಂಡು 10 ಮೀಟರ್ ಏರ್ ಪಿಸ್ಟಲ್ ಪಂದ್ಯಕ್ಕೆ ಹೋದರೆ ಚೆಕಿಂಗ್‌ನಲ್ಲೇ ವಾಪಸ್ ಕಳಿಸ್ತಾರೆ ಅಂತ ರೇಂಜಿನಲ್ಲಿ ಎಲ್ಲರೂ ಹೇಳಿದರು. ಕಳಿಸಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನದು ಸೆಕೆಂಡ್ ಹ್ಯಾಂಡ್ ಪಿಸ್ಟಲ್, ಬಲಗೈ ಗ್ರಿಪ್ಪಿನದು. ಹೊರದೇಶದ ಎಡಗೈ ಗ್ರಿಪ್ಪಿಗೆ ಡ್ಯೂಟಿ, ಕೊರಿಯರ್ ಎಲ್ಲ ಸೇರಿ ಹತ್ತಿರ ಹತ್ತಿರ 20 ಸಾವಿರ ಹೇಳಿದರು. ಕಾಯುವುದು ಬೇರೆ.

ಮೈಸೂರು ರಸ್ತೆ ಕಡೆ ಮರದ ಮಂಡಿಯಲ್ಲಿ ತೇಗದ ತುಂಡು ತಂದೆ. ಹೆಬ್ಬೆರಳು ಕೂರುವ ಜಾಗ ತೆಳ್ಳಗಾಗುತ್ತಿದ್ದಂತೆ ನಾರಿನ ಉದ್ದಕ್ಕೂ ಸೀಳಿತು. ಆಮೇಲೆ ಒಬ್ಬ ಬಡಗಿಗೆ ಹಳೇ ಗ್ರಿಪ್ ಕೊಟ್ಟು, ಕನ್ನಡಿಯಲ್ಲಿ ಕಾಣುವ ಹಾಗೆ ಮಾಡಿಕೊಡಿ ಅಂದೆ. ಸುಮಾರು 3 ಸಾವಿರ ಹೋಯಿತು. ನೋಡಲು ಚೆಂದ, ಎತ್ತಿ ಹಿಡಿದರೆ ಮಣಿಕಟ್ಟು ನೋವು. ಹಳೇ ಗ್ರಿಪ್ ಇದ್ದದ್ದೇ ಬೇರೆಯವರ ಕೈಗೆ, ಅಲ್ವಾ?

ದಾರಿ ತೋರಿಸಿದ್ದು ಚನ್ನಪಟ್ಟಣ. ಗೊಂಬೆ ಮಾಡುವ ಹಾಲೆ ಮರದ ಚೂರುಗಳು ಪುಕ್ಕಟೆ ಅನ್ನುವಷ್ಟು ಅಗ್ಗಕ್ಕೆ ಸಿಕ್ಕವು. ಆ ಮರವನ್ನು ಬೆಣ್ಣೆ ಹಾಗೆ ಕೊರೆಯಬಹುದು. ಕೆತ್ತು, ಎಂ-ಸೀಲ್ ಮೆತ್ತು, ಮತ್ತೆ ಉಜ್ಜು. ಕಣ್ಣು ಮುಚ್ಚಿ ಕೈ ಎತ್ತಿ, ಕಣ್ಣು ಬಿಟ್ಟಾಗ ಫ್ರಂಟ್ ಸೈಟ್ (ನಳಿಕೆ ತುದಿಯ ಗುರಿಕಡ್ಡಿ) ತಾನಾಗೇ ಹಿಂದಿನ ಸೈಟಿನ ಸೀಳಿನ ನಡುವೆ ನಿಲ್ಲುವವರೆಗೂ ಇದೇ ಕೆಲಸ. ಆಮೇಲೆ ಅದೇ ಅಳತೆಯನ್ನು ಬೀಟೆಗೆ ಇಳಿಸಿದೆ. ಮೇಲ್ಮೈ ತರಿತರಿ ಮಾಡಿದ್ದು ಹೇಗೆ ಅಂತ ಮಾತ್ರ ಕೇಳಬೇಡಿ.

ಚೆಕಿಂಗ್‌ನಲ್ಲಿ ಪಿಸ್ಟಲ್ ಪೂರ್ತಿ 420, 200, 50 ಮಿ.ಮೀ. ಅಳತೆಯ ಪೆಟ್ಟಿಗೆಯೊಳಗೆ ಕೂರಬೇಕು. ನನಗೆ ಭಯ ಇದ್ದದ್ದು ಆ 50ರದ್ದೇ. ಹೆಬ್ಬೆರಳಿನ ಕಡೆ ಆಸೆಪಟ್ಟು ಅಗಲ ಬಿಟ್ಟರೆ ಮುಗಿಯಿತು. ಅಂಗೈ ಕೆಳಗಿನ ಕಟ್ಟೆಯೂ ಗ್ರಿಪ್ಪಿಗೆ 90 ಡಿಗ್ರಿಗಿಂತ ಕಡಿಮೆ ಕೋನಕ್ಕೆ ಬರಬಾರದು.

ಪೆಲೆಟ್ ಎಲ್ಲಿ ಬಿತ್ತು ಅಂತ ನೋಡಿ ತಪ್ಪು ಹೇಳುವ ಕೋಚ್‌ಗಳ ಚಾರ್ಟ್ ಎಡಗೈಯವರು ಸುಮ್ನೆ ನಂಬಬೇಡಿ. ಟ್ರಿಗರ್ ಜಗ್ಗಿದರೆ ಬಲಗೈಯವರ ಪೆಲೆಟ್ ಗುರಿಹಲಗೆಯನ್ನು ಗಡಿಯಾರ ಅಂದುಕೊಂಡರೆ 7-8 ಗಂಟೆ ಕಡೆ ಬೀಳುತ್ತದೆ, ನಮ್ಮದು 4-5 ಗಂಟೆ ಕಡೆ. ನನಗೆ ಎಷ್ಟೋ ದಿನ ತದ್ವಿರುದ್ಧ ತಿದ್ದುಪಡಿ ಹೇಳುತ್ತಿದ್ದರು!

ನನ್ನ ಕೈ ಎಡ, ಬಲವಾದ ಕಣ್ಣು ಬಲ. ಮೊಸರಿನ ಡಬ್ಬಿ ಮುಚ್ಚಳವನ್ನು 30 ಮಿ.ಮೀ.ಗೆ ಕತ್ತರಿಸಿ ಬಲಗಣ್ಣಿಗೆ ಮರೆ ಮಾಡಿ, ಎಡಗಣ್ಣಲ್ಲಿ ಗುರಿ ಹಿಡಿದು ನೋಡಿದೆ. ತಲೆನೋವು ಬಂತು. ಕೊನೆಗೆ ಮರೆಯನ್ನು ಎಡಗಣ್ಣಿಗೆ ಹಾಕಿ, ಬಲಗಣ್ಣಲ್ಲೇ ಗುರಿ ಹಿಡಿಯಲು ನಿಲ್ಲುವ ಭಂಗಿ ಬದಲಿಸಿದೆ.

60 ಶಾಟ್‌ಗೆ, ಅಂದರೆ 600 ಅಂಕಕ್ಕೆ, 545ರ ಆಸುಪಾಸು ಒದ್ದಾಡುತ್ತಿದ್ದವನು ಈಗ 560 ದಾಟುತ್ತಿದ್ದೇನೆ. ಬಡಗಿಯ ದುಡ್ಡೂ ಸೇರಿ ಖರ್ಚು 6 ಸಾವಿರ ಮುಟ್ಟಿಲ್ಲ. ಮಳೆಗಾಲದಲ್ಲಿ ಮರ ಸ್ವಲ್ಪ ಉಬ್ಬಿ ಫ್ರೇಮಿನಿಂದ ಬಿಚ್ಚುವುದು ಕಷ್ಟ. ಒಳಗಿನ ತೂತಿಗೂ ಅಗಸೆ ಎಣ್ಣೆ ಬಳಿಯಿರಿ.