ಐಸಿಯು ಶ್ವಾಸಕೋಶದ ಟ್ರಯಲ್ ಪೇಪರ್ ಓದೋದು ಹೇಗೆ

ಜರ್ನಲ್ ಕ್ಲಬ್‌ಗೆ, ಅಂದರೆ ಸಂಶೋಧನಾ ಪೇಪರ್ ಓದಿ ಚರ್ಚಿಸುವ ಕೂಟಕ್ಕೆ, ಟ್ರಯಲ್ (ಪೇಷಂಟ್‌ಗಳನ್ನು ಗುಂಪು ಮಾಡಿ ಚಿಕಿತ್ಸೆ ಹೋಲಿಸುವ ಪ್ರಯೋಗ) ಪೇಪರ್ ಕೈಗೆ ಬಂದ ಕೂಡಲೇ ಎಲ್ಲರೂ ಮಾಡುವ ಕೆಲಸ ಒಂದೇ. ಅಬ್‌ಸ್ಟ್ರಾಕ್ಟ್‌ನ ಕೊನೆಯ ಎರಡು ಸಾಲು ಓದುವುದು, "ಓಹೋ, ಇದು ಕೆಲಸ ಮಾಡುತ್ತೆ" ಅಂತ ಸ್ಲೈಡ್ ಮಾಡೋಕೆ ಕೂರುವುದು. ಐಸಿಯು ಪೇಪರ್‌ಗಳಲ್ಲಿ, ಅದರಲ್ಲೂ ವೆಂಟಿಲೇಟರ್ ಮೇಲಿರುವ ಪೇಷಂಟ್‌ಗಳ ಶ್ವಾಸಕೋಶದ ವಿಷಯದಲ್ಲಿ ಈ ಅಭ್ಯಾಸ ಕೈಕೊಡುತ್ತದೆ. ಮಾನಿಟರ್ ಮೇಲೆ ಆಕ್ಸಿಜನ್ ಚೆನ್ನಾಗಿ ಏರಿ, ಪೇಷಂಟ್ ಮಾತ್ರ ಉಳಿಯದೇ ಹೋಗುವ ಕ್ಷೇತ್ರ ಇದು. ಪಿಜಿಗಳು, ಐಸಿಯು ನರ್ಸ್‌ಗಳು, ರೆಸ್ಪಿರೇಟರಿ ಥೆರಪಿಸ್ಟ್‌ಗಳು, ಇವರನ್ನು ಮನಸ್ಸಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಮನೆಯವರೊಬ್ಬರು ಐಸಿಯುನಲ್ಲಿದ್ದು ಹೊರಗೆ ಬೆಂಚಿನ ಮೇಲೆ ಕೂತು ಗೂಗಲ್ ಮಾಡುತ್ತಿರುವವರಿಗೂ ಅಲ್ಲಲ್ಲಿ ಉಪಯೋಗವಾಗಬಹುದು. ಆದರೆ ಚಿಕಿತ್ಸೆಯ ನಿರ್ಧಾರ ನೋಡುತ್ತಿರುವ ಡಾಕ್ಟರ್ ಹತ್ತಿರವೇ ಮಾತಾಡಿ.

ಉದಾಹರಣೆಗೆ ಎಆರ್‌ಡಿಎಸ್ ತೆಗೆದುಕೊಳ್ಳೋಣ. ನ್ಯುಮೋನಿಯಾ, ಸೆಪ್ಸಿಸ್, ದೊಡ್ಡ ಪೆಟ್ಟು, ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಹೋಗುವುದು, ಹೀಗೆ ಯಾವುದೋ ಕಾರಣದಿಂದ ಎರಡೂ ಶ್ವಾಸಕೋಶಗಳಲ್ಲಿ ಉರಿಯೂತವಾಗಿ ನೀರು ತುಂಬಿಕೊಳ್ಳುವ ಸ್ಥಿತಿ. 1967ರಲ್ಲಿ ಆಶ್‌ಬಾ ಮತ್ತು ಜೊತೆಗಾರರು 12 ಪೇಷಂಟ್‌ಗಳ ವಿವರ ಬರೆದು ಇದನ್ನು ಮೊದಲು ಗುರುತಿಸಿದರು. 2012ರ ಬರ್ಲಿನ್ ವ್ಯಾಖ್ಯೆ ಇದನ್ನು ಮೂರು ಹಂತ ಮಾಡಿತು. ಲೆಕ್ಕ ಸುಲಭ. ಎಬಿಜಿಯಲ್ಲಿ (ಅಪಧಮನಿಯ ರಕ್ತದ ಟೆಸ್ಟ್) ಬಂದ ಆಕ್ಸಿಜನ್ ಒತ್ತಡವನ್ನು, ನಾವು ಕೊಡುತ್ತಿರುವ ಆಕ್ಸಿಜನ್ ಪ್ರಮಾಣದಿಂದ ಭಾಗಿಸಿ. ಒತ್ತಡ 80, ಕೊಡ್ತಿರೋದು ಶೇ. 60, ಅಂದರೆ 0.6. ಉತ್ತರ 133. 200ರಿಂದ 300 ಸೌಮ್ಯ, 100ರಿಂದ 200 ಮಧ್ಯಮ, 100 ಅಥವಾ ಕಡಿಮೆ ಅಂದರೆ ತೀವ್ರ. ಇದಕ್ಕೆ ಪಿ/ಎಫ್ ಅನುಪಾತ ಅಂತೀವಿ.

ಪೇಪರ್‌ನಲ್ಲಿ ಮೊದಲು ಹುಡುಕಬೇಕಾದ್ದು ಪ್ರೈಮರಿ ಔಟ್‌ಕಮ್, ಅಂದರೆ ಗೆಲುವು ಸೋಲು ಅಳೆಯಲು ಟ್ರಯಲ್ ಆರಿಸಿಕೊಂಡ ಮುಖ್ಯ ಫಲಿತಾಂಶ. ಅದು ಈ ಪಿ/ಎಫ್ ನಂಬರೋ, ಅಥವಾ ಎಷ್ಟು ಜನ ಬದುಕಿದರು ಅನ್ನುವುದೋ? ಎರಡೂ ಒಂದೇ ಅಲ್ಲ. ಇದಕ್ಕೆ ಅಮೆರಿಕದ ಎಆರ್‌ಡಿಎಸ್ ನೆಟ್‌ವರ್ಕ್ 2000ನೇ ಇಸವಿಯಲ್ಲಿ ಪ್ರಕಟಿಸಿದ ಟ್ರಯಲ್‌ಗಿಂತ ಒಳ್ಳೆ ಪಾಠ ನನಗಂತೂ ಗೊತ್ತಿಲ್ಲ. 861 ಪೇಷಂಟ್‌ಗಳು. ಒಂದು ಗುಂಪಿಗೆ ವೆಂಟಿಲೇಟರ್‌ನಿಂದ ಪ್ರತಿ ಉಸಿರಿಗೆ ಕೆಜಿಗೆ 12 ಎಂಎಲ್ ಗಾಳಿ, ಆ ಕಾಲದಲ್ಲಿ ಎಲ್ಲರೂ ಕೊಡುತ್ತಿದ್ದ ಹಾಗೆ. ಇನ್ನೊಂದಕ್ಕೆ 6 ಎಂಎಲ್. ಮೊದಲ ಕೆಲವು ದಿನ ಆಕ್ಸಿಜನ್ ನಂಬರ್ ಚೆನ್ನಾಗಿದ್ದದ್ದು ಜಾಸ್ತಿ ಗಾಳಿ ಕೊಟ್ಟ ಗುಂಪಿನಲ್ಲಿ! ಆ ದಿನಗಳಲ್ಲಿ ರೌಂಡ್ಸ್‌ಗೆ ಬಂದ ಯಾರೇ ಆದರೂ 12 ಎಂಎಲ್ ಗುಂಪೇ ಮೇಲು ಅಂತ ಬರೆದು ಹೋಗುತ್ತಿದ್ದರು. ಕೊನೆಗೆ ಸತ್ತವರು ಆ ಗುಂಪಿನಲ್ಲಿ ಶೇ. 39.8, ಕಡಿಮೆ ಗಾಳಿಯ ಗುಂಪಿನಲ್ಲಿ ಶೇ. 31.0. ಜೋರಾಗಿ ಗಾಳಿ ತುಂಬಿದರೆ ಅಳಿದುಳಿದ ಒಳ್ಳೆ ಭಾಗವೇ ಹಿಗ್ಗಿ ಹಾಳಾಗುತ್ತದೆ, ಅದು ಎಬಿಜಿಯಲ್ಲಿ ಕಾಣಿಸಲ್ಲ.

ಇಲ್ಲೇ ಒಂದು ಸಣ್ಣ ಲೆಕ್ಕ ಕಲಿತುಬಿಡಿ. 39.8ರಲ್ಲಿ 31.0 ಕಳೆದರೆ 8.8. ನೂರನ್ನು 8.8ರಿಂದ ಭಾಗಿಸಿದರೆ ಹತ್ತಿರಹತ್ತಿರ 11. ಅಂದರೆ 11 ಜನರಿಗೆ ಕಡಿಮೆ ಗಾಳಿಯ ಚಿಕಿತ್ಸೆ ಕೊಟ್ಟರೆ ಒಬ್ಬರ ಜೀವ ಹೆಚ್ಚುವರಿಯಾಗಿ ಉಳಿಯುತ್ತದೆ. "ಸಾವು ಶೇ. 22 ಕಡಿಮೆಯಾಯಿತು" ಅಂತ ಹೇಳಿದರೂ ಅದೇ ಟ್ರಯಲ್, ಅದೇ ಸತ್ಯ. ಕಿವಿಗೆ ಮಾತ್ರ ದೊಡ್ಡದಾಗಿ ಕೇಳಿಸುತ್ತದೆ. ಕಂಪನಿಯವರ ಬ್ರೋಶರ್‌ನಲ್ಲಿ ಯಾವುದನ್ನು ಹಾಕುತ್ತಾರೆ ಅಂತ ಬೇರೆ ಹೇಳಬೇಕಾ?

ಕೆಲವು ಪೇಪರ್‌ಗಳು ಸಾವಿನ ಬದಲು "ವೆಂಟಿಲೇಟರ್ ಇಲ್ಲದ ದಿನಗಳು" ಅಂತ ಲೆಕ್ಕ ಕೊಡುತ್ತವೆ. 28 ದಿನಗಳಲ್ಲಿ ಪೇಷಂಟ್ ಬದುಕಿದ್ದು, ವೆಂಟಿಲೇಟರ್ ಇಲ್ಲದೆ ಉಸಿರಾಡಿದ ದಿನ ಎಷ್ಟು ಅಂತ. ಸತ್ತವರಿಗೆ ಸೊನ್ನೆ. ಇದು ಕೆಟ್ಟ ಅಳತೆಯೇನಲ್ಲ. ಎಆರ್‌ಡಿಎಸ್‌ನಲ್ಲಿ ಡ್ರಿಪ್ ಎಷ್ಟು ಕೊಡಬೇಕು ಅಂತ ನೋಡಿದ 2006ರ ಟ್ರಯಲ್‌ನಲ್ಲಿ, 1000 ಪೇಷಂಟ್‌ಗಳಲ್ಲಿ, ಡ್ರಿಪ್ ಬಿಗಿ ಹಿಡಿದ ಗುಂಪಿಗೆ ಇಂಥ ದಿನಗಳು 14.6, ಧಾರಾಳವಾಗಿ ಕೊಟ್ಟ ಗುಂಪಿಗೆ 12.1 ಬಂತು. ಸಾವಿನಲ್ಲಿ ಮಾತ್ರ ಖಚಿತವಾದ ವ್ಯತ್ಯಾಸ ಸಿಗಲಿಲ್ಲ. ಹಾಗಂತ ಬಿಸಾಡುವ ಫಲಿತಾಂಶ ಅಲ್ಲ, ಎರಡು ದಿನ ಮೊದಲು ಟ್ಯೂಬ್ ತೆಗೆಯುವುದು ಸಣ್ಣ ವಿಷಯ ಅಲ್ಲ. ಆದರೆ ಇಂಥ ಅಳತೆ ಕಂಡಾಗಲೆಲ್ಲ ಸಾವಿನ ಟೇಬಲ್ ಬೇರೆಯಾಗಿ ತೆರೆದು ನೋಡಿ. ಎರಡನ್ನೂ ಒಟ್ಟು ಸೇರಿಸಿದ ನಂಬರ್‌ನೊಳಗೆ ಯಾವುದು ಬದಲಾಯಿತು ಅನ್ನೋದು ಅಡಗಿ ಕೂರುತ್ತದೆ.

ಆಮೇಲೆ ಪೇಷಂಟ್‌ಗಳು ಯಾರು ಅಂತ ನೋಡಿ. ಎಆರ್‌ಡಿಎಸ್ ಪೇಷಂಟ್‌ಗಳನ್ನು ಬೋರಲು ಮಲಗಿಸಿ ನೋಡಿದ 2013ರ ಪ್ರೊಸೆವಾ ಟ್ರಯಲ್ ಈ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತು. ಬೋರಲು ಮಲಗಿಸಿದವರಲ್ಲಿ 28 ದಿನಕ್ಕೆ ಸಾವು ಶೇ. 16.0, ಅಂಗಾತ ಮಲಗಿದವರಲ್ಲಿ ಶೇ. 32.8. ಅರ್ಧಕ್ಕರ್ಧ. ಆದರೆ ಸೇರಿಸಿಕೊಂಡದ್ದು ಪಿ/ಎಫ್ 150ಕ್ಕಿಂತ ಕಡಿಮೆ ಇದ್ದವರನ್ನು ಮಾತ್ರ. ಅದೂ ಟ್ಯೂಬ್ ಹಾಕಿದ ಮೇಲೆ 12ರಿಂದ 24 ಗಂಟೆ ಸರಿಯಾಗಿ ನೋಡಿಕೊಂಡರೂ ಸುಧಾರಿಸದವರನ್ನು. ಒಂದು ಸಲ ಬೋರಲು ಹಾಕಿದರೆ ಕನಿಷ್ಠ 16 ಗಂಟೆ. ಐದು ವರ್ಷಕ್ಕಿಂತ ಜಾಸ್ತಿ ಇದೇ ಕೆಲಸ ಮಾಡಿ ಕೈ ಪಳಗಿದ ಐಸಿಯುಗಳು. ನಿಮ್ಮ ವಾರ್ಡಿನಲ್ಲಿ ಪಿ/ಎಫ್ 220 ಇರುವ ಪೇಷಂಟ್‌ನ ಮೂರು ಗಂಟೆ ಬೋರಲು ಹಾಕಿ "ಪ್ರೊಸೆವಾ ಪ್ರಕಾರ" ಅಂತ ಕೇಸ್ ಶೀಟ್‌ನಲ್ಲಿ ಬರೆಯೋದು ಅದಲ್ಲವೇ ಅಲ್ಲ.

ನಮ್ಮ ಕಡೆ ಇನ್ನೊಂದು ವಿಷಯ ಇದೆ. ಇಲ್ಲಿ ಇಲಿಜ್ವರ, ಸ್ಕ್ರಬ್ ಟೈಫಸ್, ಮಲೇರಿಯಾ, ಡೆಂಗಿಯಿಂದಲೂ ಎಆರ್‌ಡಿಎಸ್ ಬರುತ್ತದೆ. ಮಳೆಗಾಲದಲ್ಲಿ ಕರಾವಳಿಯ ಯಾವುದೇ ಐಸಿಯುನಲ್ಲಿ ಕೇಳಿ ನೋಡಿ. ಫ್ರಾನ್ಸ್‌ನ, ಅಮೆರಿಕದ ಟ್ರಯಲ್‌ಗಳಲ್ಲಿ ಇಂಥವರು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ವೆಂಟಿಲೇಟರ್ ಸೆಟ್ಟಿಂಗ್ ಪಾಠ ಇವರಿಗೂ ಹೊಂದುತ್ತದೆ ಅಂತ ನನ್ನ ಅಭಿಪ್ರಾಯ, ಹಿಗ್ಗಿ ಹಾಳಾಗುವ ಕ್ರಿಯೆ ಒಂದೇ ತಾನೇ. ಔಷಧಿಯ ಟ್ರಯಲ್ ಆದರೆ ಅಷ್ಟು ಧೈರ್ಯವಾಗಿ ಹೇಳಲ್ಲ.

ಎಲ್ಲಕ್ಕಿಂತ ಕಡಿಮೆ ಜನ ನೋಡುವ ಜಾಗ ಕಂಟ್ರೋಲ್ ಗುಂಪು. ಹೊಸ ಚಿಕಿತ್ಸೆ ಸಿಗದವರಿಗೆ ಏನು ಕೊಟ್ಟರು? 2010ರಲ್ಲಿ ಫ್ರಾನ್ಸ್‌ನ ಅಕ್ಯುರಾಸಿಸ್ ಟ್ರಯಲ್, 340 ಪೇಷಂಟ್‌ಗಳಲ್ಲಿ 48 ಗಂಟೆ ಸ್ನಾಯು ಸಡಿಲಿಸುವ ಔಷಧ ಕೊಟ್ಟರೆ ಬದುಕುವವರು ಹೆಚ್ಚು ಅಂತ ತೋರಿಸಿತು. ಹಲವು ಕಡೆ ಶುರುವಾಯಿತು. 2019ರಲ್ಲಿ ರೋಸ್ ಟ್ರಯಲ್ ಅದನ್ನೇ 1006 ಜನರಲ್ಲಿ ನೋಡಿದಾಗ 90 ದಿನದ ಸಾವು ಒಂದು ಕಡೆ ಶೇ. 42.5, ಇನ್ನೊಂದು ಕಡೆ ಶೇ. 42.8. ವ್ಯತ್ಯಾಸವೇ ಇಲ್ಲ. ಏನಾಯಿತು? ಒಂದು ದೊಡ್ಡ ಬದಲಾವಣೆ ಕಂಟ್ರೋಲ್ ಗುಂಪಿನಲ್ಲೇ ಇತ್ತು. ಮೊದಲನೆಯದರಲ್ಲಿ ಎರಡೂ ಗುಂಪಿಗೆ ಗಾಢ ನಿದ್ದೆಯ ಔಷಧ, ಎರಡನೆಯದರಲ್ಲಿ ಕಂಟ್ರೋಲ್ ಗುಂಪಿನವರನ್ನು ಆದಷ್ಟು ಎಚ್ಚರ ಇಟ್ಟಿದ್ದರು. ಹೋಲಿಕೆ ಯಾರ ಜೊತೆ ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಮೆಥಡ್ಸ್ ಭಾಗ ಬೋರಾದರೂ ಓದಲೇಬೇಕು ಅನ್ನೋದು ಇದಕ್ಕೇ.

ಒಂದೇ ಟ್ರಯಲ್ ನಂಬಿ ಕೂರಬೇಡಿ ಅನ್ನುವುದಕ್ಕೆ ಹೈ ಫ್ರೀಕ್ವೆನ್ಸಿ ಆಸಿಲೇಷನ್ ಕಥೆಯೂ ಇದೆ. ಶ್ವಾಸಕೋಶವನ್ನು ಸಣ್ಣದಾಗಿ, ವೇಗವಾಗಿ ಅಲುಗಾಡಿಸುವ ವೆಂಟಿಲೇಷನ್ ಇದು. ಆಕ್ಸಿಜನ್ ಏರುತ್ತಿತ್ತು, ಎಲ್ಲರಿಗೂ ಖುಷಿ. 2013ರ ಆಸಿಲೇಟ್ ಟ್ರಯಲ್ 548 ಜನ ಸೇರುವಷ್ಟರಲ್ಲೇ ನಿಲ್ಲಿಸಬೇಕಾಯಿತು, ಆಸ್ಪತ್ರೆಯಲ್ಲಿ ಸಾವು ಶೇ. 47, ಮಾಮೂಲಿ ವೆಂಟಿಲೇಟರ್‌ನಲ್ಲಿ ಶೇ. 35. ಅದೇ ವರ್ಷ ಬ್ರಿಟನ್‌ನ ಆಸ್ಕರ್ ಟ್ರಯಲ್‌ನಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ.

ಪಿ ವ್ಯಾಲ್ಯೂ (ಚಿಕಿತ್ಸೆಯಿಂದ ಏನೂ ವ್ಯತ್ಯಾಸ ಇಲ್ಲದಿದ್ದರೂ ಇಷ್ಟು ಅಂತರ ಆಕಸ್ಮಿಕವಾಗಿ ಬರುವ ಸಾಧ್ಯತೆ) ಬಗ್ಗೆ ಜಾಸ್ತಿ ಹೇಳಲ್ಲ. 2018ರ ಎಕ್ಮೋ (ರಕ್ತ ಹೊರತೆಗೆದು ಯಂತ್ರದಲ್ಲಿ ಆಕ್ಸಿಜನ್ ಸೇರಿಸಿ ವಾಪಸ್ ಕಳಿಸುವ ಚಿಕಿತ್ಸೆ) ಟ್ರಯಲ್ ಇಯೋಲಿಯಾದಲ್ಲಿ 60 ದಿನದ ಸಾವು ಎಕ್ಮೋ ಗುಂಪಿನಲ್ಲಿ ಶೇ. 35, ಕಂಟ್ರೋಲ್ ಗುಂಪಿನಲ್ಲಿ ಶೇ. 46, ಪಿ ವ್ಯಾಲ್ಯೂ 0.09, ರೂಢಿಯ ಗೆರೆ 0.05ಕ್ಕಿಂತ ಜಾಸ್ತಿ. "ನೆಗೆಟಿವ್ ಟ್ರಯಲ್" ಅಂತ ಒಂದೇ ಮಾತಲ್ಲಿ ತಳ್ಳಿಹಾಕಿದವರಿದ್ದಾರೆ. ಆದರೆ ಸೇರಿದ್ದು 249 ಜನ, ಕಂಟ್ರೋಲ್ ಗುಂಪಿನಲ್ಲೇ ಶೇ. 28 ಜನರಿಗೆ ಕೈಮೀರಿದಾಗ ಎಕ್ಮೋ ಹಾಕಿದ್ದರು. "ಸಾಬೀತಾಗಲಿಲ್ಲ" ಅನ್ನುವುದೂ "ಉಪಯೋಗ ಇಲ್ಲ" ಅನ್ನುವುದೂ ಬೇರೆ ಬೇರೆ.

ಸಬ್‌ಗ್ರೂಪ್ (ಟ್ರಯಲ್‌ನ ಒಳಗಿನ ಸಣ್ಣ ಗುಂಪು) ಕಂಡರೆ ಅನುಮಾನಪಡಿ ಅಂತ ಪಾಠ ಹೇಳುತ್ತಾರೆ, ಸರಿಯೇ. ಆದರೆ ಮೊದಲೇ ಬರೆದಿಟ್ಟು ದೊಡ್ಡ ಸಂಖ್ಯೆಯಲ್ಲಿ ನೋಡಿದ್ದರೆ ನಂಬಬಹುದು. 2020ರಲ್ಲಿ ಬ್ರಿಟನ್‌ನ ರಿಕವರಿ ಟ್ರಯಲ್ ಕೋವಿಡ್‌ಗೆ ಡೆಕ್ಸಾಮೆಥಾಸೋನ್ ಅನ್ನುವ ಸ್ಟೆರಾಯ್ಡ್ ನೋಡಿತು. ವೆಂಟಿಲೇಟರ್ ಮೇಲಿದ್ದವರಲ್ಲಿ ಸಾವು ಶೇ. 41.4ರಿಂದ 29.3ಕ್ಕೆ ಇಳಿಯಿತು. ಆಕ್ಸಿಜನ್ನೇ ಬೇಡವಾಗಿದ್ದವರಲ್ಲಿ ಶೇ. 14.0 ಇದ್ದದ್ದು 17.8. ಅಲ್ಲಿ ಉಪಯೋಗ ಕಾಣಲಿಲ್ಲ, ತೊಂದರೆಯ ಸುಳಿವೂ ಇತ್ತು. ಮನೆಯಲ್ಲಿ ಆರಾಮಾಗಿದ್ದವರಿಗೂ ಮೆಡಿಕಲ್ ಸ್ಟೋರ್‌ನಿಂದ ಸ್ಟೆರಾಯ್ಡ್ ತಂದು ಕೊಟ್ಟವರು ಪೇಪರ್‌ನ ಅರ್ಧ ಮಾತ್ರ ಓದಿದ್ದರು.

ವೆಂಟಿಲೇಟರ್‌ನಿಂದ ಬರುವ ನ್ಯುಮೋನಿಯಾದ ಟ್ರಯಲ್ ಆದರೆ ಇನ್ನೊಂದು ಎಚ್ಚರಿಕೆ ಬೇಕು. ಈ ಕಾಯಿಲೆಗೆ ಖಚಿತವಾದ ಒಂದು ಟೆಸ್ಟ್ ಇಲ್ಲ. ಜ್ವರ, ಎಕ್ಸ್‌ರೇ, ಕಫದ ಕಲ್ಚರ್, ಎಲ್ಲ ಸೇರಿಸಿ ತೀರ್ಮಾನಿಸಬೇಕು, ಎಕ್ಸ್‌ರೇಯಲ್ಲಿ ಒಬ್ಬರಿಗೆ ಕಂಡ ನೆರಳು ಇನ್ನೊಬ್ಬರಿಗೆ ಕಾಣಲ್ಲ. ಹಾಗಾಗಿ ತೀರ್ಮಾನಿಸಿದವರಿಗೆ ಯಾವ ಗುಂಪು ಅಂತ ಗೊತ್ತಿತ್ತಾ ನೋಡಿ. 2023ರಲ್ಲಿ ಫ್ರಾನ್ಸ್‌ನ ಟ್ರಯಲ್ ಒಂದರಲ್ಲಿ ಮೂರು ದಿನ ಅಮಿಕಾಸಿನ್ ಅನ್ನುವ ಆಂಟಿಬಯಾಟಿಕ್ ಆವಿಯಾಗಿ ಕೊಟ್ಟಾಗ ಇದು ಶೇ. 22ರಿಂದ 15ಕ್ಕೆ ಇಳಿಯಿತು. ಅಲ್ಲಿ ಇನ್ನೊಂದು ಗುಂಪಿಗೂ ಪ್ಲಸೀಬೊ (ಔಷಧ ಇಲ್ಲದ) ಆವಿ ಕೊಟ್ಟಿದ್ದರು, ಹಾಗಾಗಿ ಯಾರು ಯಾವ ಗುಂಪು ಅಂತ ಗೊತ್ತಿರಲಿಲ್ಲ, ಅದಕ್ಕೇ ಆ ನಂಬರ್‌ಗೆ ಬೆಲೆ.

ಟ್ರಯಲ್‌ಗಳನ್ನು ಮೊದಲೇ ನೋಂದಾಯಿಸುವ ರಿಜಿಸ್ಟ್ರಿ ನೋಡೋಕೆ ಹತ್ತು ನಿಮಿಷ ಸಾಕು. ಪೇಪರ್‌ನಲ್ಲಿ ಎನ್‌ಸಿಟಿ (ಅಮೆರಿಕದ ರಿಜಿಸ್ಟ್ರಿಯದು) ಅಥವಾ ಸಿಟಿಆರ್‌ಐ (ಭಾರತದ ರಿಜಿಸ್ಟ್ರಿಯದು) ನಂಬರ್ ಇರುತ್ತದೆ. ನಮ್ಮ ದೇಶದ ಸಿಟಿಆರ್‌ಐ 2007ರಲ್ಲಿ ಶುರುವಾಯಿತು, 2009ರಿಂದ ನೋಂದಣಿ ಕಡ್ಡಾಯ. ಆ ನಂಬರ್ ಹಾಕಿ, ಮೊದಲು ಬರೆದಿದ್ದ ಪ್ರೈಮರಿ ಔಟ್‌ಕಮ್ಮೇ ಪೇಪರ್‌ನಲ್ಲೂ ಇದೆಯಾ ನೋಡಿ. ಶುರುವಲ್ಲಿ ಸಾವು ಅಂತಿದ್ದದ್ದು ಕೊನೆಗೆ "ಏಳನೇ ದಿನದ ಪಿ/ಎಫ್" ಆಗಿದ್ದರೆ, ಚೀಟಿ ತೆರೆದ ಮೇಲೆ ಆಟದ ನಿಯಮ ಬದಲಿಸಿದ ಹಾಗೆ. ಪೇಷಂಟ್ ಕಡೆಯವರೂ ಇದನ್ನೇ ಮಾಡಬಹುದು. ಐಸಿಯುನಲ್ಲಿ ಪೇಷಂಟ್ ಸಹಿ ಹಾಕುವ ಸ್ಥಿತಿಯಲ್ಲಿ ಇಲ್ಲದಿದ್ದರೆ ಒಪ್ಪಿಗೆ ಮನೆಯವರ ಹತ್ತಿರ ಕೇಳುತ್ತಾರೆ. ಆಗ ಸಿಟಿಆರ್‌ಐ ನಂಬರ್ ಕೇಳಿ, ಬೇಡ ಅಂದರೆ ಚಿಕಿತ್ಸೆ ಹೇಗೆ ಮುಂದುವರಿಯುತ್ತದೆ ಅಂತ ಕೇಳಿ, ಫಾರಂ ಕನ್ನಡದಲ್ಲಿ ಕೊಡಿ ಅನ್ನಿ. ಕೇಳೋದು ನಿಮ್ಮ ಹಕ್ಕು, ಯಾರೂ ಬೇಜಾರು ಮಾಡಿಕೊಳ್ಳಬಾರದು.

ಕೊನೆಯದು, ಓದಿದ್ದನ್ನು ಬೆಡ್ ಹತ್ತಿರ ತರೋದು. ಕೆಜಿಗೆ 6 ಎಂಎಲ್ ಅಂದಾಗ ಆ ಕೆಜಿ ತೂಕದ ಯಂತ್ರದ ಕೆಜಿ ಅಲ್ಲ, ಎತ್ತರದಿಂದ ಲೆಕ್ಕ ಹಾಕಿದ ತೂಕ. ಎತ್ತರದ ಸೆಂಟಿಮೀಟರ್‌ನಿಂದ 152.4 ಕಳೆದು 0.91ರಿಂದ ಗುಣಿಸಿ, ಗಂಡಸರಿಗೆ 50, ಹೆಂಗಸರಿಗೆ 45.5 ಸೇರಿಸಿ. 160 ಸೆಂಮೀ ಎತ್ತರದ ಹೆಂಗಸಿಗೆ 52.4 ಕೆಜಿ, ಟೈಡಲ್ ವಾಲ್ಯೂಮ್ (ಪ್ರತಿ ಉಸಿರಿನ ಗಾಳಿ) ಸುಮಾರು 315 ಎಂಎಲ್. ಅವರ ನಿಜವಾದ ತೂಕ 80 ಕೆಜಿ ಅಂತ 480 ಇಟ್ಟರೆ ಕೆಜಿಗೆ 9 ಎಂಎಲ್ ದಾಟಿತು. ನಮ್ಮಲ್ಲಿ ಕುಳ್ಳಗಿರುವ, ತೂಕ ಜಾಸ್ತಿ ಇರುವ ಹೆಂಗಸರಿಗೇ ಇದರ ಪೆಟ್ಟು ಹೆಚ್ಚು. 2016ರ ಲಂಗ್ ಸೇಫ್ ಅಧ್ಯಯನ 50 ದೇಶಗಳ ಐಸಿಯು ನೋಡಿತು. ಎಆರ್‌ಡಿಎಸ್ ಇದ್ದವರಲ್ಲಿ ಮೂರನೇ ಎರಡು ಭಾಗಕ್ಕಿಂತ ಕಡಿಮೆ ಜನರಿಗೆ ಕೆಜಿಗೆ 8 ಎಂಎಲ್ ಅಥವಾ ಕಡಿಮೆ ಸಿಗುತ್ತಿತ್ತು. ತೀವ್ರ ಎಆರ್‌ಡಿಎಸ್‌ನಲ್ಲಿ ಬೋರಲು ಮಲಗಿಸಿದ್ದು ಶೇ. 16.3 ಜನರನ್ನು ಮಾತ್ರ. ಥೀಸಿಸ್‌ಗೆ ಟಾಪಿಕ್ ಹುಡುಕುತ್ತಿರುವ ಪಿಜಿಗಳೇ, ಹೊಸ ಬಯೋಮಾರ್ಕರ್ ಹಿಂದೆ ಓಡುವ ಮೊದಲು ನಿಮ್ಮದೇ ಐಸಿಯುನ ಕೇಸ್ ಶೀಟ್ ತೆಗೆಯಿರಿ, ಎಷ್ಟರಲ್ಲಿ ಎತ್ತರ ಬರೆದಿದ್ದಾರೆ ಎಣಿಸಿ. ಬರೆದಿಲ್ಲ ಅಂದರೆ ಒಂದು ಟೇಪ್ ತಂದು ಅಲ್ಲಿಂದಲೇ ಶುರು ಮಾಡಬಹುದು.