ಗೇನ್ ಇಲ್ಲದ ಮಿಕ್ಸರ್, 3 ಮಿಲಿಆಂಪಿಯರ್ ರಿಸೀವರ್

"ಪ್ಯಾಸಿವ್ ಮಿಕ್ಸರ್‌ಗೆ ಎಲ್‌ಓ ಡ್ರೈವ್ ಸುರೀಬೇಕು, ಇನ್ನು ಕರೆಂಟ್ ಉಳಿಯೋದೆಲ್ಲಿ ಸಾರ್?" ಎಂದು ಹ್ಯಾಮ್‌ಗಳ ಬೆಳಗಿನ ನೆಟ್‌ನಲ್ಲಿ (ರೇಡಿಯೊ ಕೂಟದಲ್ಲಿ) ಕಾಲೆಳೆದವರೆಲ್ಲ ಕೇಳಿಸಿಕೊಳ್ಳಲಿ. ಮಿಕ್ಸರ್ ಎಂದರೆ ಆಂಟೆನಾ ಸಿಗ್ನಲನ್ನು ರಿಸೀವರ್‌ನದೇ ಆಸಿಲೇಟರ್ (ಎಲ್‌ಓ) ಜೊತೆ ಬೆರೆಸುವ ಹಂತ; ಪ್ಯಾಸಿವ್ ಆದರೆ ಅದು ಸಿಗ್ನಲನ್ನು ಹಿಗ್ಗಿಸುವುದಿಲ್ಲ. ನನ್ನ 40 ಮೀಟರ್ (7 ಮೆಗಾಹರ್ಟ್ಸ್) ಹ್ಯಾಮ್ ಬ್ಯಾಂಡಿನ ಡೈರೆಕ್ಟ್ ಕನ್ವರ್ಷನ್ (ಸಿಗ್ನಲನ್ನು ನೇರ ಆಡಿಯೊಗೆ ಇಳಿಸುವ) ರಿಸೀವರ್ ಮೂರು ಪೆನ್ಸಿಲ್ ಸೆಲ್‌ಗಳ ಮೇಲೆ, ಒಟ್ಟು 3 ಮಿಲಿಆಂಪಿಯರ್ ಆಸುಪಾಸಿನಲ್ಲಿ ಓಡುತ್ತಿದೆ.

ಶುರು ಮಾಡಿದ್ದು ಎಲ್ಲರ ಹಾಗೆ ಎಸ್‌ಎ612 ಮಿಕ್ಸರ್ ಚಿಪ್‌ನಿಂದ. ಎರಡೂವರೆ ಮಿಲಿಆಂಪಿಯರ್‌ಗೆ ಆಸಿಲೇಟರ್ ಸಮೇತ ಹದಿನೇಳೋ ಹದಿನೆಂಟೋ ಡೆಸಿಬೆಲ್ ಗೇನ್, ಇನ್ನೇನು ಬೇಕು? ನೂರೈವತ್ತು ರೂಪಾಯಿ ಕೊಟ್ಟ ಮೊದಲ ಚಿಪ್ ನಕಲಿ. ಅಸಲಿ ಸಿಕ್ಕ ಮೇಲೂ ಸಂಜೆಯಾದರೆ 41 ಮೀಟರ್‌ನ ಪ್ರಸಾರ ಕೇಂದ್ರಗಳು ಬ್ಯಾಂಡ್ ತುಂಬ ಹರಡಿಕೊಂಡು, ಸಿಡಬ್ಲ್ಯೂ (ಮೋರ್ಸ್) ಹಿಂದೆ ಯಾವುದೋ ಭಾಷೆಯ ವಾರ್ತೆ. ಸಾಲದ್ದಕ್ಕೆ ಬೆಂಗಳೂರು ಆಕಾಶವಾಣಿಯ 200 ಕಿಲೊವ್ಯಾಟ್, ಅದೂ 612 ಕಿಲೊಹರ್ಟ್ಸ್‌ನಲ್ಲಿ: 612ಕ್ಕೆ 612ರದೇ ಕಾಟ! ಐಪಿ3 (ಬಲವಾದ ಸಿಗ್ನಲ್ ತಾಳುವ ಅಳತೆ) ಮೈನಸ್ 15 ಡಿಬಿಎಂ ಹತ್ತಿರವಿರುವ ಚಿಪ್ ಎಷ್ಟೆಂದು ತಡೆದೀತು?

ನಾಲ್ಕು ಡಯೋಡ್‌ಗಳ ಪ್ಯಾಸಿವ್ ಮಿಕ್ಸರ್ ಆದ ಡಯೋಡ್ ರಿಂಗ್ ಇದಕ್ಕೆಲ್ಲ ಜಗ್ಗಲಿಲ್ಲ. ಆದರೆ ಅದಕ್ಕೆ ಪ್ಲಸ್ 7 ಡಿಬಿಎಂ ಎಲ್‌ಓ ಉಣಿಸುವ ಬಫರ್ ಒಂದೇ 12-15 ಮಿಲಿಆಂಪಿಯರ್ ನುಂಗಿತು. ನಡುವೆ ಎರಡು 1ಎನ್4148 ಡಯೋಡ್‌ಗಳನ್ನು ಒಂದಕ್ಕೊಂದು ತಿರುಗುಮುರುಗಾಗಿ ಪ್ಯಾರಲಲ್ ಕಟ್ಟಿ, ಅರ್ಧ ಫ್ರೀಕ್ವೆನ್ಸಿಯ ಎಲ್‌ಓ ಕೊಡುವ ಪೊಲ್ಯಾಕೊವ್ ಮಿಕ್ಸರನ್ನೂ ಮಾಡಿದೆ. ಹಮ್ (ಗುಂಯ್ ಎನ್ನುವ ಸದ್ದು) ಮಾಯ, ಆದರೆ ಎಲ್‌ಓ ಮಟ್ಟ ಸ್ವಲ್ಪ ಸರಿದರೂ ಸೆನ್ಸಿಟಿವಿಟಿ ಕೈಕೊಡುತ್ತಿತ್ತು. ಆ ಬೋರ್ಡ್ ಇನ್ನೂ ಇದೆ, ಅದರ ಕಥೆ ಬೇರೆ.

ಮಿಕ್ಸರ್ ಆಗಿ ಕೈಹಿಡಿದದ್ದು 74ಎಲ್‌ವಿಸಿ1ಜಿ3157 ಎಲೆಕ್ಟ್ರಾನಿಕ್ ಸ್ವಿಚ್ ಚಿಪ್. ಬೆಲೆ ಹದಿನೈದಿಪ್ಪತ್ತು ರೂಪಾಯಿ, ಕೊರಿಯರ್‌ಗೆ ಅದರ ನಾಲ್ಕೈದು ಪಟ್ಟು. ಟ್ರಾನ್ಸ್‌ಫಾರ್ಮರ್‌ಗೆ ಹಳೆ ಟಿವಿ ಬಾಲನ್‌ನ ಕೋರ್, ಪುಕ್ಕಟೆ. ಸ್ವಿಚ್‌ನ ಕಂಟ್ರೋಲ್ ಪಿನ್ ಪವರ್ ಕೇಳುವುದಿಲ್ಲ, ಒಳಗಿನ ಕೆಪಾಸಿಟೆನ್ಸ್ ತುಂಬಿದರಾಯಿತು: 7 ಮೆಗಾಹರ್ಟ್ಸ್‌ನಲ್ಲಿ ಅರ್ಧ-ಮುಕ್ಕಾಲು ಮಿಲಿಆಂಪಿಯರ್. ಆದರೆ ಎಲ್‌ಓದ ಸೈನ್ ಅಲೆಯನ್ನು ನೇರ ಕೊಟ್ಟರೆ ಥ್ರೆಶೋಲ್ಡ್ (ಸ್ವಿಚ್ ಮಗುಚುವ ಮಟ್ಟ) ಬಳಿ ಕರೆಂಟ್ ಸೋರುತ್ತದೆ, ಡ್ಯೂಟಿ (ಸ್ವಿಚ್ ಒಂದು ಕಡೆ ಇರುವ ಸಮಯದ ಪಾಲು) ಶೇಕಡಾ 50 ಬಿಟ್ಟು ಸರಿದರೆ ಎಎಂ ಪ್ರಸಾರ ನುಗ್ಗುತ್ತದೆ. ಎರಡನ್ನೂ ಒಂದೇ ರೆಸಿಸ್ಟರ್‌ನಲ್ಲಿ ಹಿಡಿದಿದ್ದೇನೆ. ಎಷ್ಟು ಓಮ್ ಎಂದು ಹೇಳುವುದಿಲ್ಲ, ಕಿವಿ ಇಟ್ಟು ತಿರುಗಿಸಿ.

ಎಲ್‌ಓಗೆ ಎಸ್‌ಐ5351 ಕ್ಲಾಕ್ ಚಿಪ್ ಹಾಕಿದ್ದರೆ ಉಳಿಸಿದ್ದನ್ನೆಲ್ಲ ಅದೇ ನುಂಗಿಬಿಡುತ್ತಿತ್ತು. ಸೆರಾಮಿಕ್ ರೆಸೊನೇಟರ್, ಒಂದು ಟ್ರಾನ್ಸಿಸ್ಟರ್, ಅಷ್ಟೆ. ಆಡಿಯೊ ಮೊದಲ ಹಂತ ಕಾಮನ್ ಬೇಸ್ ಜೋಡಣೆಯ ಬಿಸಿ549 ಟ್ರಾನ್ಸಿಸ್ಟರ್, ಅರ್ಧ ಮಿಲಿಆಂಪಿಯರ್‌ನಲ್ಲಿ: ಇನ್‌ಪುಟ್ ತಾನಾಗಿ 50 ಓಮ್, ಮಿಕ್ಸರ್‌ಗೆ ಸರಿಯಾದ ಲೋಡ್. ಎಲ್‌ಎಂ386 ಆಡಿಯೊ ಆಂಪ್ ಚಿಪ್ ಸುಮ್ಮನೆ ಕೂತೇ 4 ಮಿಲಿಆಂಪಿಯರ್ ತಿನ್ನುತ್ತದೆ, ಕಿತ್ತು ಹಾಕಿದೆ. ಎರಡು ಟ್ರಾನ್ಸಿಸ್ಟರ್, ಹೈ ಇಂಪಿಡೆನ್ಸ್ ಹೆಡ್‌ಫೋನ್ ಸಾಕು.

ಮಿಕ್ಸರ್ ಲಾಸ್ ಸುಮಾರು 6 ಡೆಸಿಬೆಲ್. ಮುಂದೆ ಆರ್‌ಎಫ್ ಆಂಪ್ ಇಲ್ಲ. ಆದರೂ ಆಂಟೆನಾ ಕಿತ್ತರೆ ಹಿಸ್ಸೆನ್ನುವುದು ದಡಕ್ಕನೆ ಬೀಳುತ್ತದೆ, ಅಂದರೆ ಕೇಳುತ್ತಿದ್ದುದು ರಿಸೀವರ್‌ನದಲ್ಲ, ಬ್ಯಾಂಡಿನದೇ ನಾಯ್ಸ್; 40 ಮೀಟರ್‌ಗೆ ಇಷ್ಟು ಸಾಕು. 20 ಮೀಟರ್‌ನಲ್ಲಿ ಸಾಲಲಿಲ್ಲ. ಅಲ್ಲಿ ಬ್ಯಾಂಡ್ ನಾಯ್ಸ್ ಕಡಿಮೆ, ಸ್ವಿಚ್‌ನ ಕರೆಂಟ್ ಇಮ್ಮಡಿ. ಅದಕ್ಕೆ ಮುಂದೊಂದು ಎಫ್‌ಇಟಿ ಆಂಪ್ ಹಾಕುತ್ತಿದ್ದೇನೆ, ಇನ್ನೊಂದು ಮಿಲಿಆಂಪಿಯರ್ ಹೋದರೆ ಹೋಗಲಿ.