ಒಂದೇ ಸರ್ವಿಸ್, ಮೂರು ಇನಿಟ್

ಲಿನಕ್ಸ್ ಏಳುವಾಗ ಮೊದಲು ಓಡಿ, ಉಳಿದ ಸರ್ವಿಸ್‌ಗಳನ್ನು, ಅಂದರೆ ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಮ್‌ಗಳನ್ನು, ಎಬ್ಬಿಸಿ ನೋಡಿಕೊಳ್ಳುವುದು ಇನಿಟ್. ಯಾವ ಇನಿಟ್ ಬೇಕೆಂಬ ಪ್ರಶ್ನೆಗೆ 2014ರ ಫೆಬ್ರವರಿಯಲ್ಲಿ ಡೆಬಿಯನ್ ಎಂಬ ಲಿನಕ್ಸ್ ವಿತರಣೆಯ ತಾಂತ್ರಿಕ ಸಮಿತಿಯ ಮತಗಳು ಸಮವಾಗಿ ಒಡೆದು, ಅಧ್ಯಕ್ಷರ ನಿರ್ಣಾಯಕ ಮತದಿಂದ ಸಿಸ್ಟಮ್‌ಡಿ ಗೆದ್ದಿತು. ಒಪ್ಪದವರು ಬೇರೆಯಾಗಿ ಸಿಸ್ಟಮ್‌ಡಿ ಇಲ್ಲದ ಡೆವುವಾನ್ ವಿತರಣೆ ಕಟ್ಟಿಕೊಂಡರು. ಆ ಜಗಳ ಇನ್ನೂ ಆರಿಲ್ಲ. ಆದರೆ ಒಂದು ಪೈಥಾನ್ ಸರ್ವಿಸನ್ನು ಸಿಸ್‌ವಿಇನಿಟ್‌ನಿಂದ ಸಿಸ್ಟಮ್‌ಡಿಗೆ, ಅಲ್ಲಿಂದ ರನಿಟ್‌ಗೆ ಸಾಗಿಸಿದಾಗ ನನ್ನನ್ನು ಹೆಚ್ಚು ಕಾಡಿದ್ದು ಯಾವ ಇನಿಟ್ಟೂ ಅಲ್ಲ. ಪ್ರೋಗ್ರಾಮ್ ತಾನೇ ಫೋರ್ಕ್ ಆಗಿ (ತನ್ನದೇ ಪ್ರತಿಯೊಂದನ್ನು ಹುಟ್ಟಿಸಿ, ಮೂಲ ಮುಗಿದು) ಹಿನ್ನೆಲೆಗೆ ಸರಿಯುವ ಹಳೆಯ ಚಾಳಿ.

ಸಿಸ್‌ವಿ ಸ್ಕ್ರಿಪ್ಟ್ ನಂಬುವುದು ಪಿಐಡಿ ಫೈಲನ್ನು, ಅಂದರೆ ಓಡುತ್ತಿರುವ ಪ್ರೋಸೆಸ್‌ನ ಸಂಖ್ಯೆ ಬರೆದಿಟ್ಟ ಫೈಲನ್ನು. ಪ್ರೋಗ್ರಾಮ್ ಕ್ರ್ಯಾಶ್ ಆದರೂ ಫೈಲ್ ಅಲ್ಲೇ ಉಳಿಯುತ್ತದೆ. ಮುಂದೆ ಅದೇ ಸಂಖ್ಯೆ ಬೇರೆ ಪ್ರೋಸೆಸ್‌ಗೆ ಸಿಕ್ಕರೆ, ‘ಸ್ಟಾಪ್’ ಎಂದಾಗ ಸಾಯುವುದು ಸಂಬಂಧವೇ ಇಲ್ಲದ ಯಾವುದೋ ಒಂದು. ಹಾಗಾಗಿ ಮೊದಲು ಫೋರ್ಕ್ ಮಾಡುವ ಕೋಡನ್ನೂ ಪಿಐಡಿ ಫೈಲನ್ನೂ ತೆಗೆದುಹಾಕಿದೆ. ಲಾಗನ್ನು ನೇರ ಸ್ಟ್ಯಾಂಡರ್ಡ್ ಔಟ್‌ಪುಟ್‌ಗೆ ಬಿಟ್ಟೆ. ಪೈಥಾನ್‌ಗೆ ‘-ಯು’ (ತಡೆಹಿಡಿಯದೆ ತಕ್ಷಣ ಬರೆ ಎಂಬ ಆಯ್ಕೆ) ಕೊಡಲು ಮರೆತರೆ ಲಾಗ್ ಬಫರಿನಲ್ಲೇ ಕೂತಿರುತ್ತದೆ, ಸರ್ವಿಸ್ ಸತ್ತಿದೆ ಅನ್ನಿಸುತ್ತದೆ.

ಸಿಸ್ಟಮ್‌ಡಿ ಯೂನಿಟ್‌ನಲ್ಲಿ (ಸರ್ವಿಸನ್ನು ವಿವರಿಸುವ ಫೈಲ್) ಟೈಪ್ ‘ಸಿಂಪಲ್’ ಇರಬೇಕು. ‘ಫೋರ್ಕಿಂಗ್’ ಎಂದೇ ಉಳಿದರೆ, ಮುನ್ನೆಲೆಯಲ್ಲಿ ಓಡುವ ಪ್ರೋಗ್ರಾಮ್ ಫೋರ್ಕ್ ಆಗಲೆಂದು ಅದು 90 ಸೆಕೆಂಡ್ ಕಾದು ಕೊನೆಗೆ ಕೊಲ್ಲುತ್ತದೆ. ತಿರುಗಾಮುರುಗಾ ಆದರೂ ಕಷ್ಟವೇ: ಫೋರ್ಕ್ ಆಗುವುದಕ್ಕೆ ‘ಸಿಂಪಲ್’ ಕೊಟ್ಟರೆ, ತಾಯಿ ಪ್ರೋಸೆಸ್ ಮುಗಿದದ್ದೇ ತಡ, ಮಕ್ಕಳನ್ನೂ ಗುಡಿಸಿ ಹಾಕುತ್ತದೆ. ಹಳೆಯ ಸ್ಕ್ರಿಪ್ಟ್‌ನಲ್ಲಿದ್ದ, ಎಷ್ಟು ಫೈಲ್ ತೆರೆಯಬಹುದೆಂಬ ಮಿತಿ ಹೇಳುವ ‘ಯುಲಿಮಿಟ್’ ಸಾಲು ಇಲ್ಲಿ ಬರುವುದಿಲ್ಲ. ಲಿಮಿಟ್ಸ್ ಕಾನ್ಫ್ ಫೈಲ್ ತಿದ್ದಿಯೂ ಪ್ರಯೋಜನವಿಲ್ಲ, ಅದನ್ನು ಓದುವುದು ಲಾಗಿನ್ ನೋಡಿಕೊಳ್ಳುವ ಪ್ಯಾಮ್; ಯೂನಿಟ್‌ನಲ್ಲೇ ‘ಲಿಮಿಟ್‌ನೋಫೈಲ್=8192’ ಬರೆದೆ. ಡೇಟಾಬೇಸ್ ಬೇಕೇ ಬೇಕು ಎನ್ನುವ ‘ರಿಕ್ವೈರ್ಸ್’ ಒಂದೇ ಸಾಲದು, ಯಾವುದು ಮೊದಲು ಏಳಬೇಕೆಂಬ ಕ್ರಮವನ್ನು ಅದು ಹೇಳುವುದಿಲ್ಲ. ಜೊತೆಗೆ ‘ಆಫ್ಟರ್’ ಬೇಕು.

ರೀಸ್ಟಾರ್ಟ್ ವಿಷಯ ಸ್ವಲ್ಪ ಸೂಕ್ಷ್ಮ. ಡಿಫಾಲ್ಟ್ ವಿರಾಮ ಬರೀ 100 ಮಿಲಿಸೆಕೆಂಡ್, ಮಿತಿ 10 ಸೆಕೆಂಡಿಗೆ 5 ಸಲ. ಡೇಟಾಬೇಸ್ ಏಳುವುದು ತುಸು ತಡವಾದರೆ ಐದೂ ಪ್ರಯತ್ನ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದು ಯೂನಿಟ್ ‘ಫೇಲ್ಡ್’ ಎಂದು ಕೂತುಬಿಡುತ್ತದೆ. ‘ರೀಸ್ಟಾರ್ಟ್‌ಸೆಕ್=3’ ಇಟ್ಟೆ; 10 ಸೆಕೆಂಡಿಗೆ ನಾಲ್ಕೇ ಪ್ರಯತ್ನ, ಮಿತಿ ತಟ್ಟುವುದೇ ಇಲ್ಲ. ಕಾನ್ಫಿಗ್‌ನಲ್ಲೇ ತಪ್ಪಿದ್ದರೆ ಮಾತ್ರ ಕೊನೆಯಿಲ್ಲದೆ ಸುತ್ತುತ್ತಿರುತ್ತದೆ, ಲಾಗ್ ನೋಡಿಕೊಳ್ಳಬೇಕು.

ರನಿಟ್‌ನಲ್ಲಿ ಒಂದು ಡೈರೆಕ್ಟರಿ, ಅದರೊಳಗೆ ಎಕ್ಸಿಕ್ಯೂಟ್ ಪರ್ಮಿಷನ್ ಇರುವ ‘ರನ್’ ಫೈಲ್, ಅಷ್ಟೇ. ನನ್ನದು ಆರು ಸಾಲು. ಕೊನೆಯ ಸಾಲು ‘ಎಕ್ಸೆಕ್’ನಿಂದ (ಶೆಲ್‌ನ ಜಾಗದಲ್ಲೇ ಪ್ರೋಗ್ರಾಮ್ ಓಡಿಸುವ ಆದೇಶ) ಶುರುವಾಗಲೇಬೇಕು. ಇಲ್ಲದಿದ್ದರೆ ‘ನಿಲ್ಲು’ ಎನ್ನುವ ಟರ್ಮ್ ಸಿಗ್ನಲ್ ತಲುಪುವುದು ಶೆಲ್‌ಗೆ. ಶೆಲ್ ಸಾಯುತ್ತದೆ, ಪೈಥಾನ್ ಪೋರ್ಟ್ ಹಿಡಿದುಕೊಂಡೇ ಇರುತ್ತದೆ, ಹೊಸದಾಗಿ ಎದ್ದದ್ದು ವಿಳಾಸ ಬಳಕೆಯಲ್ಲಿದೆ ಎಂದು ಬೀಳುತ್ತದೆ. ಯೂಸರ್ ಬದಲಿಸಲೂ ಫೈಲ್ ಮಿತಿಗೂ ‘ಸಿಎಚ್‌ಪಿಎಸ್‌ಟಿ’ ಎಂಬ ಆದೇಶ ಇದೆ. ಅವಲಂಬನೆ ಹೇಳುವ ಸೌಲಭ್ಯವೇ ಇಲ್ಲ: ಡೇಟಾಬೇಸ್ ಸಿಗದಿದ್ದರೆ ‘ರನ್’ ಒಳಗೇ ‘ಎಕ್ಸಿಟ್ 1’. ಒಂದು ಸೆಕೆಂಡ್ ಬಿಟ್ಟು ರನಿಟ್ ಮತ್ತೆ ಎಬ್ಬಿಸುತ್ತದೆ. ಒರಟು ಉಪಾಯ, ಆದರೆ ನಡೆಯುತ್ತದೆ.

ಕೆಲಸ ಹಂಚಿಕೊಳ್ಳಲು ವರ್ಕರ್‌ಗಳನ್ನು ಹುಟ್ಟಿಸುವ ಸರ್ವಿಸನ್ನು ಮಾತ್ರ ನಾನು ಸಿಸ್ಟಮ್‌ಡಿಯಲ್ಲೇ ಬಿಟ್ಟಿದ್ದೇನೆ. ಅದು ಇಡೀ ಸಿಗ್ರೂಪ್‌ಗೇ (ಆ ಸರ್ವಿಸ್‌ನ ಎಲ್ಲ ಪ್ರೋಸೆಸ್‌ಗಳ ಗುಂಪು) ಸಿಗ್ನಲ್ ಕಳಿಸುವುದರಿಂದ ಅನಾಥ ವರ್ಕರ್ ಉಳಿಯುವುದಿಲ್ಲ; ರನಿಟ್ ನೋಡಿಕೊಳ್ಳುವುದು ತನ್ನ ನೇರ ಮಗುವನ್ನಷ್ಟೇ.